ತಲೆಯ ಮೇಲಿನ ಕೈಂಚಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೆದರಿಸುವವರು ಬಹಳ ಮಂದಿ. ಮನೆ ಕಟ್ಟುವಾಗ ಎಷ್ಟು ನಗಬೇಕಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ನಾವು ಬೆಟಗೇರಿಯಲ್ಲಿ ಮನೆ ಕಟ್ಟಿಸಿದ ಆ ಒಂದು ವರ್ಷ ನನಗೆ ನಕ್ಕು ನಕ್ಕು ಪಕ್ಕೆ ನೋವು ಬಂದದ್ದೇ ಹೆಚ್ಚು. ಬೈಸಿಕೊಂಡದ್ದೂ ಅದಕ್ಕೇ.

ಆಗ ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷ ಆಗಿದ್ದವು. ನಾವಿನ್ನೂ ಮುಂಬಯಿ ರಾಜ್ಯದಲ್ಲೇ ಇದ್ದೆವು. ಇವತ್ತು ಕನ್ನಡನಾಡು ಒಂದಾಗುತ್ತದೆ, ನಾಳೆ ಒಂದಾಗುತ್ತದೆ ಎಂದು ಗದಗಿನ ಚಹಾದಂಗಡಿಗಳೆಲ್ಲ ಮಾತಾಡುತ್ತಿದ್ದವು. ನಮ್ಮ ಯಜಮಾನರು ಕನ್ನಡ ಶಾಲೆಯ ಮಾಸ್ತರು. ಏಕೀಕರಣದ ಮಾತು ಬಂದರೆ ಕೈಯಲ್ಲಿನ ಚಹಾ ಆರಿದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಮಾವನವರು ಹಿರೇವಡ್ಡಟ್ಟಿಯಲ್ಲಿ ಗುಡಿಯ ಪೂಜೆ ಬಿಟ್ಟು ಬರುವವರಲ್ಲ. ಅತ್ತೆ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ನಮ್ಮ ಹತ್ತಿರ. ನನಗೆ ಹೆತ್ತ ತಾಯಿ ಇರಲಿಲ್ಲ. ಅತ್ತೆ ಊರಿಗೆ ಹೊರಟರೆ ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಓಣಿಯವರು, “ಅತ್ತಿ ಹೋದ್ರ ಅಳೋ ಸೊಸಿನ್ನ ನಾವು ಇದ ಮೊದಲ ನೋಡೋದು” ಅನ್ನುತ್ತಿದ್ದರು.

ಕತ್ತರಿಯ ಕೆಳಗೆ

ಗದಗಿನಲ್ಲಿ ನಾವಿದ್ದ ಬಾಡಿಗೆ ಮನೆಗೆ ಎಲ್ಲರ ಮನೆಯಂತೆ ಮಣ್ಣಿನ ಮಾಳಿಗೆ. ಮಳೆ ಬಂದರೆ ಸೋರುವುದು, ಮಳೆ ಇಲ್ಲದಿದ್ದರೆ ಮಣ್ಣು ಉದುರುವುದು. ಒಂದು ದಿನ ಮಾಸ್ತರು ಉಣ್ಣುವಾಗ ಸಾರಿನ ಬಟ್ಟಲಿಗೆ ಮಾಳಿಗೆಯಿಂದ ಒಂದು ಚೇಳು ಬಿತ್ತು. ಕೈ ತೊಳೆದು ಎದ್ದವರೇ, “ನಮ್ಮ ಹೊಸಾ ಮನಿಗೆ ಮಂಗಳೂರ ಹಂಚು ಹಾಕಸೋದ” ಎಂದು ತೀರ್ಮಾನ ಹೇಳಿದರು.

ಹಂಚು ಹಾಕಬೇಕಾದರೆ ಅದರ ಭಾರ ಹೊರಲು ಗೋಡೆಯಿಂದ ಗೋಡೆಗೆ ಮೂರು ಮೂಲೆಯ ಕಟ್ಟಿಗೆಯ ಚೌಕಟ್ಟು ಬೇಕು. ಅದಕ್ಕೆ ನಮ್ಮ ಕಡೆ ಕೈಂಚಿ ಅನ್ನುತ್ತಾರೆ. ಅದರಲ್ಲಿ ಪಳಗಿದ ಮಿಸ್ತ್ರಿ ಲಕ್ಷ್ಮೇಶ್ವರದಲ್ಲಿದ್ದರು. ದರ್ಗಾದ ಹತ್ತಿರದ ಓಣಿಯವರು, ಬಿಳಿ ಗಡ್ಡ, ಮೆಲ್ಲಗಿನ ಮಾತು. ಅವರು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, “ಐದು ಕೈಂಚಿ ಏರಿಸಿದ್ರ ಮನಿ ಗಟ್ಟಿಯಾಗತೈತ್ರಿ ಮಾಸ್ತರ” ಎಂದದ್ದೇ ತಡ, ಒಳಗಿನಿಂದ ಅತ್ತೆ ಹೊರಗೆ ಬಂದರು.

“ಏನಂದೀ? ಕೈಂಚಿ? ಕೈಂಚಿ ಅಂದ್ರ ಕತ್ತರಿ ಅಲ್ಲೇನು?”

“ಹೌದ್ರೀ ಅವ್ವಾರ, ಹೆಸರು ಅದ ಐತಿ.”

“ಬಾಯಿ ತೆಗದ ಕತ್ತರಿ ಮನ್ಯಾಗಿದ್ರ ಜಗಳ ಆಗತಾವ. ನೀ ಐದು ಕತ್ತರಿ ತಲಿ ಮ್ಯಾಲ ಇಡಾಕ ಬಂದೀ! ಇಷ್ಟು ವರ್ಷ ನಾನು, ನನ್ನ ಸೊಸಿ ಒಂದು ಮಾತು ಎತ್ತಿ ಆಡಿಲ್ಲ. ಅದರ ಕೆಳಗ ನಾ ಮಲಗಾಂಗಿಲ್ಲ. ಹಂಚು ಹಾಕಸ್ರಿ, ನಾ ಹಿರೇವಡ್ಡಟ್ಟಿಗೆ ಹೋಗಿಬಿಡ್ತೀನಿ.”

ಮಾಸ್ತರು ಗಣಿತದಿಂದ, ವಿಜ್ಞಾನದಿಂದ ತಿಳಿಸಿ ಹೇಳಲು ಹೋದರು. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣು ಆಗಲೇ ತುಂಬಿದ್ದವು. ಮಿಸ್ತ್ರಿ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಎರಡೂ ಕೈ ಎತ್ತಿ, ಮುಖದ ಮುಂದೆ ಬೆರಳ ತುದಿಗೆ ಬೆರಳ ತುದಿ ತಾಗಿಸಿ ಹಿಡಿದರು.

“ಹಿಂಗ ಇರತೈತ್ರಿ ಅವ್ವಾರ. ಈ ಕಡಿ ಒಂದು ಕಟಗಿ, ಆ ಕಡಿ ಒಂದು ಕಟಗಿ, ಮ್ಯಾಲ ಕೂಡತಾವ. ಕತ್ತರಿ ಅನ್ನೋದು ನಮ್ಮ ಬಾಯಿ ಚಟ. ಖರೆ ನೋಡಿದ್ರ ಕೈ ಮುಗದಂಗ ಐತಿ.”

ಅತ್ತೆ ಆ ಕೈಗಳನ್ನೇ ನೋಡುತ್ತ, ತಮಗೇ ತಿಳಿಯದಂತೆ ತಾವೂ ಕೈ ಮುಗಿದು ನಿಂತರು.

“ಆತು ನೋಡ್ರಿ ಮಾಸ್ತರ,” ಎಂದರು ಮಿಸ್ತ್ರಿ, “ಅವ್ವಾರು ಒಪ್ಪಿ ನಮಸ್ಕಾರ ಮಾಡಿದ್ರು.”

“ನಾ ಎಲ್ಲಿ ಒಪ್ಪೀನೋ!” ಎಂದು ಅತ್ತೆ ಕೂಗಿದರು. ಆದರೆ ಕೈ ಇನ್ನೂ ಮುಗಿದೇ ಇದ್ದವು.

ರಾಜಾ, ರಾಣಿ ಮತ್ತು ಎಮ್ಮೆ

ಎಂಥ ಕೈಂಚಿ ಬೇಕು ಎಂದು ಆರಿಸಲು ಮಿಸ್ತ್ರಿ ಮುಂದಿನ ವಾರ ಎರಡು ಮಾದರಿ ಮಾಡಿ ತಂದರು. ಜೋಳದ ದಂಟು ಸೀಳಿ, ಜಾಲಿ ಮುಳ್ಳು ಚುಚ್ಚಿ ಜೋಡಿಸಿದ್ದರು. ಹುಡುಗರ ಆಟಿಕೆಯಷ್ಟು ಚಂದ. ಒಂದರ ನಡುವೆ ಒಂದೇ ಕಂಬ, ಅದು ರಾಜಾ ಕೈಂಚಿ. ಇನ್ನೊಂದಕ್ಕೆ ಆಚೆ ಈಚೆ ಎರಡು ಕಂಬ, ನಡುವೆ ಖಾಲಿ. ಅದು ರಾಣಿ ಕೈಂಚಿ.

ಮಾಸ್ತರಿಗೆ ರಾಜಾ ಹಿಡಿಸಿತು. ನೆಟ್ಟಗೆ ನಿಂತ ಆ ಒಂದು ಕಂಬ ನೋಡಿ, “ಗಂಭೀರ ಐತಿ” ಎಂದರು. ನನಗೆ ರಾಣಿ ಬೇಕಿತ್ತು. ಎರಡು ಕಂಬದ ನಡುವೆ ಹಲಗೆ ಹಾಸಿದರೆ ಅಟ್ಟ ಆಗುತ್ತದೆ, ಉಪ್ಪಿನಕಾಯಿ ಭರಣಿ ಇಡಬಹುದು.

“ಬರೇ ಭರಣಿ ಸಲುವಾಗಿ ಕೈಂಚಿ ಆರಸ್ತಾರೇನು?” ಎಂದರು ಮಾಸ್ತರು.

“ಬರೇ ಗಂಭೀರ ಕಾಣಾಕ ಆರಸ್ತಾರೇನು?” ಎಂದೆ ನಾನು.

ಅತ್ತೆ ಮಿಸ್ತ್ರಿಯ ಕಡೆ ತಿರುಗಿ, “ನೋಡಿದೆಲ್ಲ? ಇನ್ನಾ ಏರಿಸಿಲ್ಲ, ಜಗಳ ಸುರುವಾತು” ಎಂದರು.

ಮಿಸ್ತ್ರಿ ಚಹಾ ಕುಡಿಯುತ್ತ, “ಎರಡೂ ಗಟ್ಟೀನ ಅದಾವ್ರಿ, ನಿಮ್ಮ ನಿಮ್ಮೊಳಗ ಮಾತಾಡ್ರಿ” ಎಂದು ಕೈ ತೊಳೆದುಕೊಂಡರು. ನಾವು ಮಾದರಿಗಳನ್ನು ಕಟ್ಟೆಯ ಮೇಲೆ ಬಿಟ್ಟು ಒಳಗೆ ವಾದ ಮಾಡುತ್ತ ಕುಳಿತೆವು. ನನ್ನ ಭರಣಿಗಳ ಎಣಿಕೆಯೂ ಅವರ ಗಾಂಭೀರ್ಯದ ವರ್ಣನೆಯೂ ಮುಗಿಯುವ ಹೊತ್ತಿಗೆ ಹೊರಗಿನಿಂದ ಕರಕರ ಸದ್ದು ಕೇಳಿತು. ಹೋಗಿ ನೋಡಿದರೆ ಪಕ್ಕದ ಮನೆಯ ಎಮ್ಮೆ ಕಣ್ಣು ಮುಚ್ಚಿಕೊಂಡು ಮೆಲ್ಲುತ್ತಿದೆ. ರಾಜಾ ಕೈಂಚಿಯ ಒಂದು ಮುಳ್ಳೂ ಉಳಿದಿರಲಿಲ್ಲ. ರಾಣಿಗೆ ಬಾಯಿ ಹಾಕುವಷ್ಟರಲ್ಲಿ ನಾನು ಓಡಿಹೋಗಿ ಬಿಡಿಸಿಕೊಂಡೆ.

ಅತ್ತೆ ಎಮ್ಮೆಯ ಬೆನ್ನು ತಟ್ಟಿ, “ರಾಜರ ಕಾಲ ಮುಗೀತು ಅಂತ ಇದಕ್ಕೂ ತಿಳದೈತಿ, ನಮ್ಮ ಮಾಸ್ತರಗಷ್ಟ ತಿಳದಿಲ್ಲ” ಎಂದರು.

ಒಳಗೆ ಯಾರು?

ಕಟ್ಟಿಗೆ ಆರಿಸಲು ಲಕ್ಷ್ಮೇಶ್ವರದ ಮರದ ಅಡ್ಡೆಗೆ ಹೋದಾಗ ನಾನೂ ಹೋಗಿದ್ದೆ. ದಾಂಡೇಲಿ ಕಡೆಯ ಸಾಗವಾನಿ ತೊಲೆಗಳು ಸಾಲಾಗಿ ಬಿದ್ದಿದ್ದವು. ಮಿಸ್ತ್ರಿ ಒಂದೊಂದಕ್ಕೂ ಬೆರಳ ಗಣ್ಣಿನಿಂದ ಬಡಿದು, ಕಿವಿ ಇಟ್ಟು ಕೇಳಿ, ಒಳಗೆ ಟೊಳ್ಳಿದೆಯೋ ಇಲ್ಲವೋ ನೋಡುತ್ತಿದ್ದರು.

ಮಾಸ್ತರಿಗೆ ಸುಮ್ಮನಿರಲು ಆಗಲಿಲ್ಲ. ಕೋಟಿನ ತೋಳು ಮೇಲೇರಿಸಿ, ಇನ್ನೊಂದು ಕಡೆಯ ಸಾಲಿಗೆ ಹೋಗಿ ತಾವೂ ಬಡಿಯತೊಡಗಿದರು. ಬಡಿಯುವುದು, ಕಿವಿ ಇಡುವುದು, ತಲೆ ಅಲ್ಲಾಡಿಸುವುದು. ಏನು ಕೇಳಿಸಬೇಕು ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಒಂದು ದೊಡ್ಡ ತೊಲೆಯ ಮುಂದೆ ಮೊಣಕಾಲೂರಿ ಬಹಳ ಹೊತ್ತು ಬಡಿದರು.

ಅಡ್ಡೆಯ ಮಾಲೀಕರು ಗಾದಿಯ ಮೇಲಿಂದಲೇ ಕೂಗಿದರು: “ಮಾಸ್ತರ, ಯಾಕ ಒಂದ ಸವನ ಬಡ್ಯಾಕತ್ತೀರಿ? ಒಳಗ ಯಾರೂ ಇಲ್ರಿ, ಎಲ್ಲಾರೂ ಊಟಕ್ಕ ಹೋಗ್ಯಾರ.”

ಶಿರಹಟ್ಟಿಯಲ್ಲಿ ಹೊಸ ನಾಟಕ

ಮಿಸ್ತ್ರಿ ತಮ್ಮ ಅಂಗಳದಲ್ಲೇ ಕಟ್ಟಿಗೆ ಕೊಯ್ದು, ಕೆತ್ತಿ, ನೆಲದ ಮೇಲೆ ಒಮ್ಮೆ ಜೋಡಿಸಿ ನೋಡಿ, ಮತ್ತೆ ಬಿಚ್ಚಿ ಚಕ್ಕಡಿಗಳಲ್ಲಿ ಹೇರಿದರು. ಲಕ್ಷ್ಮೇಶ್ವರದಿಂದ ಶಿರಹಟ್ಟಿ ಮೇಲೆ ಹಾದು ಬೆಟಗೇರಿಗೆ ಬರಬೇಕು. ಮಾಸ್ತರು ಶಾಲೆಗೆ ರಜೆ ಹಾಕಿ ಚಕ್ಕಡಿಗಳ ಜೊತೆ ಹೋಗಿದ್ದರು. ಅಲ್ಲಿ ಆದದ್ದನ್ನು ಅವರು ಇವತ್ತಿನವರೆಗೂ ಹೇಳಿಲ್ಲ. ನಮಗೆ ಹೇಳಿದ್ದು ಮಿಸ್ತ್ರಿ.

ಶಿರಹಟ್ಟಿಯಲ್ಲಿ ಎತ್ತಿಗೆ ನೀರು ಕುಡಿಸಲು ಬೇವಿನ ಗಿಡದ ಕೆಳಗೆ ಚಕ್ಕಡಿ ನಿಲ್ಲಿಸಿದರಂತೆ. ಉದ್ದನ್ನ ಕಂಬ, ಹಲಗೆ, ಹಗ್ಗದ ಸುರುಳಿ, ಎತ್ತುವ ಗಾಲಿ, ಮುಂದೆ ಕರಿ ಟೊಪ್ಪಿಗೆ, ಕೋಟು ಹಾಕಿ ಛತ್ರಿ ಹಿಡಿದು ನಿಂತ ನಮ್ಮ ಮಾಸ್ತರು. ನಮ್ಮ ಕಡೆಯ ಜನ ಎಂಥ ನಾಟಕದ ಹುಚ್ಚಿನವರು ಎಂದು ಹೇಳಬೇಕಿಲ್ಲ. ಜನ ನೆರೆಯಿತು. ಒಬ್ಬ ಹಿರಿಯರು ಮುಂದೆ ಬಂದು ಮಿಸ್ತ್ರಿಯನ್ನು ಕೇಳಿದರು:

“ಯಾವುದರೀ ಇದು?”

“ಕೈಂಚಿರೀ.”

“ಕೈಂಚಿ!” ಹಿರಿಯರು ಹಿಂದೆ ತಿರುಗಿ ಸಾರಿದರು, “ಕೈಂಚಿ ಅಂತ ಹೊಸಾ ಆಟ ಬಂದೈತ್ರಪಾ!”

ಹೆಸರು ಬಹಳ ಚಲೋ ಇದೆ ಎಂದು ನಾಲ್ಕು ಜನ ಮೆಚ್ಚಿದರು. ಹಿರಿಯರು ಮಾಸ್ತರ ಹತ್ತಿರ ಹೋಗಿ, ನಾಟಕ ಕಂಪನಿಯ ಮ್ಯಾನೇಜರರ ಮುಂದೆ ನಿಲ್ಲುವಂತೆ ನಿಂತು, “ಪೌರಾಣಿಕೇನ್ರಿ, ಐತಿಹಾಸಿಕೇನ್ರಿ?” ಎಂದು ಕೇಳಿದರು.

ಮಾಸ್ತರಿಗೆ ಬಿಸಿಲಿಗೆ ಮೊದಲೇ ತಲೆ ಸಿಡಿಯುತ್ತಿತ್ತು. “ಅಲ್ರೀ! ಇದು ನಮ್ಮ ಮನೀದು! ನಾನು, ನನ್ನ ಹೆಂಡ್ತಿ, ನಮ್ಮವ್ವ ಇರಾಕ!” ಎಂದು ಕೂಗಿದರು.

“ಹಾಂ,” ಎಂದರು ಹಿರಿಯರು ಸಮಾಧಾನದಿಂದ. “ಹಂಗಾರ ಸಾಮಾಜಿಕ.”

ಸರಿಸಮಾನ

ಬೆಟಗೇರಿಯಲ್ಲಿ ಗೋಡೆಗಳು ಆಗಲೇ ಎದ್ದು ನಿಂತಿದ್ದವು. ಕಟ್ಟಿಗೆಯನ್ನೆಲ್ಲ ಒಳಗೆ ಒಟ್ಟಿದರು. ಯಾವುದಕ್ಕೆ ಯಾವುದು ಕೂಡಬೇಕು ಅನ್ನುವ ಗುರುತಿಗೆ ಮಿಸ್ತ್ರಿ ಪ್ರತಿ ತುದಿಗೂ ಕೆಂಪು ಜಾಜಿನಿಂದ ಚುಕ್ಕೆ ಇಟ್ಟಿದ್ದರು. ಒಂದು ಚುಕ್ಕೆಯದಕ್ಕೆ ಒಂದು ಚುಕ್ಕೆಯದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ಹೀಗೆ.

ಕೈಂಚಿ ಏರಿಸುವ ಮುಂಚೆ ಕಟ್ಟಿಗೆಗೆ ಪೂಜೆ ಆಗಬೇಕು ಎಂದು ಅತ್ತೆ ಬೆಳಿಗ್ಗೆಯೇ ಒಬ್ಬರೇ ಹೋಗಿ ಮುಗಿಸಿ ಬಂದರು. ಮುಖದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿ. ಮಿಸ್ತ್ರಿ ಮತ್ತು ಅವರ ಜೊತೆಯವರು ಬಂದು ಮೊದಲ ತೊಲೆ ಹೊರಳಿಸಿದರು, ಎರಡನೆಯದು ಹೊರಳಿಸಿದರು, ಆಮೇಲೆ ಉಳಿದವನ್ನೆಲ್ಲ ಬಗ್ಗಿ ಬಗ್ಗಿ ನೋಡಿದರು. ಎಲ್ಲಾ ತುದಿಗೂ ದುಂಡಗೆ, ಚಂದಗೆ, ಐದೈದು ಚುಕ್ಕೆ.

“ಅವ್ವಾರ,” ಎಂದರು ಮಿಸ್ತ್ರಿ ಮೆಲ್ಲಗೆ, “ಇದು ಯಾರ ಕೆಲಸ?”

“ನಂದ ನೋಡೋ ತಮ್ಮಾ! ಯಾರೋ ಮೊದಲ ಕುಂಕುಮ ಹಚ್ಚಿ ಹೋಗಿದ್ರು. ಒಂದಕ್ಕ ಒಂದ ಬಟ್ಟು, ಇನ್ನೊಂದಕ್ಕ ನಾಕು. ಹಂಗ ಭೇದ ಮಾಡಬಾರ್ದು. ಎಲ್ಲಾ ನಮ್ಮ ಮನಿ ಹೊರೋ ಕಟಗೀನ ಅಲ್ಲೇನು? ನಾ ಎಲ್ಲಾದಕ್ಕೂ ಸರಿಸಮಾ ಹಚ್ಚಿದೆ.”

ಏನಾಗಿದೆ ಎಂದು ಮಾಸ್ತರು ತಿಳಿಸಿ ಹೇಳಿದಾಗ ಅತ್ತೆಯ ಮುಖ ಸಣ್ಣದಾಯಿತು. ಇಷ್ಟೆತ್ತರದ ಹೆಂಗಸು ಒಂದು ಮೂಲೆಯಲ್ಲಿ ಕುಳಿತು ಸೆರಗಿನ ತುದಿ ತಿರುವತೊಡಗಿದರು. ನಾನು ಹತ್ತಿರ ಹೋಗಿ ಕುಳಿತೆ. ಮಿಸ್ತ್ರಿಯೇ ಬಂದು ಅವರ ಎದುರು ಕುಕ್ಕರಗಾಲಿನಲ್ಲಿ ಕುಳಿತರು.

“ಇರ್ಲಿ ಬಿಡ್ರಿ ಅವ್ವಾರ. ಒಂದೊಂದ ಹಿಡದು ನೋಡಿದ್ರಾತು. ಕಟಗಿ ತಮ್ಮ ಜೋಡಿ ತಾವ ಹುಡಕ್ಕೋತಾವ.”

ಸಂಜೆಯವರೆಗೂ ಅದೇ ಆಯಿತು. ಒಂದನ್ನು ಇನ್ನೊಂದಕ್ಕೆ ಹಿಡಿಯುವುದು, ಕೂಡದಿದ್ದರೆ ಮತ್ತೊಂದು ತರುವುದು. ಅತ್ತೆ ಚಹಾ ಮಾಡಿ ಮಾಡಿ ಕೊಟ್ಟರು. ಕೊನೆಯ ಜೋಡಿ ಟಕ್ ಎಂದು ಕೂಡಿದಾಗ ಮಿಸ್ತ್ರಿ ಬೆವರು ಒರೆಸಿಕೊಳ್ಳುತ್ತ ನಮ್ಮವರಿಗೆ ಹೇಳಿದರು: “ಮಾಸ್ತರ, ನೀವು ವರ್ಷಗಟ್ಟಲೆ ಏಕೀಕರಣ, ಏಕೀಕರಣ ಅಂತ ಭಾಷಣ ಮಾಡಿದ್ರಿ. ಅವ್ವಾರು ಒಂದ ಡಬ್ಬಿ ಕುಂಕುಮದಾಗ ಮಾಡಿ ಮುಗಿಸಿದ್ರು.”

ಜೈ

ಕೈಂಚಿ ಏರಿಸಲು ಅತ್ತೆ ಪಂಚಾಂಗ ನೋಡಿಸಿ ತಂದ ಮುಹೂರ್ತವೂ ಕನ್ನಡನಾಡು ಒಂದಾದ ದಿನವೂ ಒಂದೇ ಆಗಿಬಿಟ್ಟವು. ಮಾಸ್ತರು ಹೊತ್ತು ಹುಟ್ಟುವ ಮುಂಚೆ ಶಾಲೆಗೆ ಹೋಗಿ, ಝೇಂಡಾ ಏರಿಸಿ, ಪೇಢೆ ಹಂಚಿ ಓಡಿ ಬಂದರು.

ಓಣಿಯ ನೇಕಾರರೆಲ್ಲ ಮಗ್ಗ ಬಿಟ್ಟು ಹಗ್ಗ ಹಿಡಿಯಲು ಬಂದಿದ್ದರು. ಮಿಸ್ತ್ರಿ ಗೋಡೆಯ ಮೇಲೆ. ಕೆಳಗಿನಿಂದ ಒಬ್ಬ “ಐಸಾ” ಅನ್ನಬೇಕು, ಎಲ್ಲರೂ ಕೂಡಿ ಜಗ್ಗಬೇಕು. ಮೊದಲ ಕೈಂಚಿ ನೆಲ ಬಿಟ್ಟು ಎದ್ದಿತ್ತು. ಅಷ್ಟರಲ್ಲಿ ಬೀದಿಯ ತುದಿಯಿಂದ ಬ್ಯಾಂಡಿನ ಸದ್ದಿನೊಂದಿಗೆ ಮೆರವಣಿಗೆ ಬಂತು. “ಕರ್ನಾಟಕ ಮಾತೆಗೆ...” ಎಂದು ಒಬ್ಬ ಕೂಗಿದ. “ಜೈ!” ಎಂದರು ನೂರಾರು ಜನ.

ನಮ್ಮ ನೇಕಾರರೂ “ಜೈ!” ಎಂದು ಹಗ್ಗ ಜಗ್ಗಿದರು. ಕೈಂಚಿ ಮೊಳದಷ್ಟು ಮೇಲೆ ಹೋಯಿತು. ಮತ್ತೊಂದು ಜೈ, ಮತ್ತೊಂದು ಮೊಳ. “ಐಸಾ” ಅನ್ನುವವನ ಮಾತು ಯಾರಿಗೂ ಕೇಳಿಸಲಿಲ್ಲ, ಬೇಕಾಗಲೂ ಇಲ್ಲ. ನಾಡಿನ ಉತ್ಸಾಹದಲ್ಲಿ ನಮ್ಮ ಮನೆ ಏರುತ್ತಿತ್ತು. ಮಾಸ್ತರ ಕಣ್ಣಲ್ಲಿ ನೀರು.

ಅದೇ ಹೊತ್ತಿಗೆ ಮೆರವಣಿಗೆಯ ಪುಢಾರಿ ಒಬ್ಬರು ನಮ್ಮ ಮನೆಯ ಮುಂದೆಯೇ ನಿಂತು, ಎರಡು ಮಾತು ಆಡಬೇಕೆಂದು ಕೈ ಎತ್ತಿದರು. ಬ್ಯಾಂಡು ನಿಂತಿತು. ಜೈಕಾರ ನಿಂತಿತು. ಕೈಂಚಿಯೂ ನಡು ಆಕಾಶದಲ್ಲಿ ನಿಂತಿತು.

ಗೋಡೆಯ ಮೇಲಿಂದ ಮಿಸ್ತ್ರಿ ಕೂಗಿದರು: “ಭಾಷಣ ಆಮ್ಯಾಲ ಮಾಡ್ರೀ! ಯಾರರೆ ಮೊದಲ ಜೈ ಅನ್ರಪ್ಪಾ!”

ಮೆರವಣಿಗೆಯ ಹುಡುಗರಿಗೆ ವಿಷಯ ತಿಳಿದು, ಒಂದಿಷ್ಟು ಮಂದಿ ಒಳಗೆ ನುಗ್ಗಿ ತಾವೂ ಹಗ್ಗ ಹಿಡಿದರು. ಎರಡೇ ಜೈಕಾರಕ್ಕೆ ಕೈಂಚಿ ಗೋಡೆಯ ಮೇಲೆ ಕುಳಿತಿತು. ಅತ್ತೆ ತಡಮಾಡದೆ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಕೊರಳ ತುಂಬ ಹೂವಿನ ಹಾರ ಹಾಕಿಕೊಂಡಿದ್ದ ಪುಢಾರಿಯವರು ಆರತಿ ನೋಡಿ, ಟೊಪ್ಪಿಗೆ ಸರಿಪಡಿಸಿಕೊಂಡು, ವಿನಯದಿಂದ ತಲೆ ಬಗ್ಗಿಸಿ ನಿಂತರು.

ಅತ್ತೆ ಆರತಿ ಹಿಡಿದ ಕೈಯನ್ನು ಎಡಕ್ಕೆ ಒಯ್ದರು, ಬಲಕ್ಕೆ ಒಯ್ದರು. ಆಮೇಲೆ ಬಹಳ ಪ್ರೀತಿಯಿಂದಲೇ ಹೇಳಿದರು: “ಸ್ವಲ್ಪ ಬಾಜೂಕ ಸರೀಪಾ ಮಗಾ. ನೀ ಅಡ್ಡ ನಿಂತಿ, ಕೈಂಚಿ ಕಾಣವಲ್ದು.”

ಮೊದಲ ಮಳೆ

ಹಂಚು ಹೊದಿಸಿ, ಒಕ್ಕಲಾಗಿ, ಬೇಸಿಗೆ ಕಳೆದು ಮುಂಗಾರು ಬಂತು. ಒಂದು ಮಧ್ಯಾಹ್ನ ಗಾಳಿ ಎದ್ದು, ಮಣ್ಣಿನ ವಾಸನೆ ಬಂದದ್ದೇ ತಡ, ಅತ್ತೆ ಮಲಗಿದಲ್ಲಿಂದ ಎದ್ದರು. ಹುಟ್ಟಿದಾಗಿನಿಂದ ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದವರು. ಮಳೆ ಎಂದರೆ ಪಾತ್ರೆ ಹೂಡುವುದು, ಅಷ್ಟೇ ಗೊತ್ತು. ಪಾತೇಲಿ, ತಂಬಿಗೆ, ಬೋಗುಣಿ, ಹಿತ್ತಾಳೆ ಕೊಡ, ಕೊನೆಗೆ ನನ್ನ ಹಾಲಿನ ಗಡಿಗೆ, ಎಲ್ಲವನ್ನೂ ತಂದು ಪಡಸಾಲೆಯ ತುಂಬ ಇಟ್ಟರು. ಕಾಲಿಡಲು ಜಾಗವಿಲ್ಲ. ನಾವು ಮೂವರೂ ಗೋಡೆಗೆ ಬೆನ್ನು ಕೊಟ್ಟು ಕುಳಿತೆವು.

ಮಳೆ ಬಂತು. ಹಂಚಿನ ಮೇಲೆ ಎಂಥ ಸದ್ದು! ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಅತ್ತೆ ಒಂದು ಪಾತ್ರೆ ಬಗ್ಗಿ ನೋಡಿದರು. ಒಣಗಿತ್ತು. ಇನ್ನೊಂದು ನೋಡಿದರು. ಅದೂ ಒಣಗಿತ್ತು.

“ಮಳಿ ಬರಾಕತ್ತೈತಿ ಹೌದಲ್ಲೋ?” ಎಂದು ಮಗನನ್ನು ಕೇಳಿದರು.

“ಹೌದವ್ವಾ, ಜೋರ ಬರಾಕತ್ತೈತಿ.”

“ಮತ್ತ ಒಳಗ ಯಾಕ ಬರವಲ್ದು?”

ಆ ದನಿಯಲ್ಲಿ ಸಂತೋಷಕ್ಕಿಂತ ಬೇಸರವೇ ಹೆಚ್ಚಿತ್ತು. ಇಷ್ಟು ಪಾತ್ರೆ ಹೂಡಿದ್ದು ದಂಡವಾಯಿತಲ್ಲ ಎಂದೋ, ಮಳೆಗೂ ತಮಗೂ ಇದ್ದ ಇಷ್ಟು ವರ್ಷದ ವ್ಯವಹಾರ ಹೀಗೆ ತಟ್ಟನೆ ಮುಗಿಯಿತಲ್ಲ ಎಂದೋ, ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಮಿಸ್ತ್ರಿ ಒಳಗೆ ಬಂದರು. ಹಿಂದಿನ ಓಣಿಯಲ್ಲಿ ಬೇರೆ ಮನೆಯ ಕೆಲಸ ಹಿಡಿದಿದ್ದರು. ಮಳೆ ಸುರುವಾದದ್ದೇ ಎಲ್ಲರೂ ಆಸರೆಗೆ ಓಡಿದರೆ, ಇವರು ಮಳೆಯಲ್ಲೇ ನಮ್ಮ ಮನೆಗೆ ಓಡಿ ಬಂದಿದ್ದರು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

“ಎಲ್ಲೆರೆ ಸೋರಾಕತ್ತೈತೇನ್ರಿ?” ಎಂದು ಕೇಳುತ್ತ ಪಾತ್ರೆಗಳ ನಡುವೆ ಹೆಜ್ಜೆ ಇಟ್ಟು, ಪಡಸಾಲೆಯ ಮಧ್ಯೆ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡು ತಾವು ಏರಿಸಿದ ಕೈಂಚಿಗಳನ್ನು ಒಂದೊಂದಾಗಿ ದಿಟ್ಟಿಸಿ ನೋಡಿದರು.

ಟಪ್.

ಎಲ್ಲರಿಗೂ ಕೇಳಿಸಿತು. ನಡುವಿನ ಪಾತೇಲಿಯಲ್ಲಿ ಒಂದು ಹನಿ.

“ಬಿತ್ತು! ಬಿತ್ತು!” ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಮಾಸ್ತರು ನಿಚ್ಚಣಿಕೆ ತರಲು ಮಳೆಯಲ್ಲೇ ಹಿತ್ತಲಿಗೆ ಓಡಿದರು. ಮಿಸ್ತ್ರಿಯ ಮುಖ ಮಾತ್ರ ಬಿಳಿಚಿತು. ಕತ್ತು ಎತ್ತಿ ಹುಡುಕಿದರು, ಸರಿದು ನಿಂತು ಹುಡುಕಿದರು. ಮೇಲೆ ಎಲ್ಲಿಯೂ ಪಸೆಯಿಲ್ಲ. ಟಪ್. ಈ ಸಲ ಬೋಗುಣಿಯಲ್ಲಿ ಬಿತ್ತು. ಅವರು ಇನ್ನೊಂದು ಹೆಜ್ಜೆ ಸರಿದರು. ಟಪ್. ಈಗ ಹಾಲಿನ ಗಡಿಗೆಯಲ್ಲಿ.

ಅತ್ತೆಯ ಚಪ್ಪಾಳೆ ನಿಂತಿತು. ಅವರು ಮೇಲೆ ನೋಡುವುದನ್ನು ಬಿಟ್ಟು ಮಿಸ್ತ್ರಿಯನ್ನೇ ನೋಡಿದರು. ಎದ್ದು, ಗೂಟದಿಂದ ತಮ್ಮದೇ ಮೈ ಒರೆಸುವ ವಸ್ತ್ರ ತೆಗೆದುಕೊಂಡು, ಆ ನೆನೆದ ತಲೆಯ ಮೇಲೆ ಹಾಕಿ, ಮಗುವಿಗೆ ಒರೆಸಿದಂತೆ ತಲೆ, ಕಿವಿ, ಗಡ್ಡ ಎಲ್ಲ ತಿಕ್ಕತೊಡಗಿದರು. ವಸ್ತ್ರದ ಒಳಗಿನಿಂದ ಮಿಸ್ತ್ರಿ, “ಎಲ್ಲಿ ಸೋರತೈತಿ ಅಂತ ತಿಳೀವಲ್ದಲ್ರೀ ಅವ್ವಾರ” ಅನ್ನುತ್ತಲೇ ಇದ್ದರು.

ಮಾಸ್ತರು ನಿಚ್ಚಣಿಕೆ ಹೊತ್ತುಕೊಂಡು, ತೊಯ್ದು ತೊಪ್ಪೆಯಾಗಿ ಒಳಗೆ ನುಗ್ಗಿದರು. “ಎಲ್ಲಿ? ಎಲ್ಲಿ ಹಚ್ಚಲಿ?”

“ಇಳಿಸೋ ಅದನ್ನ,” ಎಂದರು ಅತ್ತೆ, ಗಡ್ಡ ಹಿಂಡುತ್ತ. “ಮನಿ ಸೋರವಲ್ದು. ಮಿಸ್ತ್ರಿ ಸೋರಾಕತ್ತಾನ.”